ಕಾಲಿನಿಂದ ಮೇಲೇರುವ ಬಲಹೀನತೆ: ಜಿ.ಬಿ.ಎಸ್. ಕಾಯಿಲೆಯನ್ನು ಅರಿಯೋಣ



ಈ ಸಲದ ಆರೋಗ್ಯ ಪಾಠಕ್ಕೆ ಸಕ್ಕರೆ ಕಾಯಿಲೆ, ರಕ್ತಹೀನತೆ ಮುಂತಾದ ಪರಿಚಿತ ವಿಷಯಗಳನ್ನು ಬಿಟ್ಟು, ನಿಮ್ಮಲ್ಲಿ ಹೆಚ್ಚಿನವರು ಹೆಸರೂ ಕೇಳಿರದ ಒಂದು ಕಾಯಿಲೆಯನ್ನು ತೆಗೆದುಕೊಂಡಿದ್ದೇವೆ. ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಇದು. ಇಷ್ಟು ಅಪರೂಪದ್ದನ್ನು ನಮಗ್ಯಾಕೆ ಹೇಳ್ತೀರಿ ಅಂತ ನೀವು ಕೇಳಬಹುದು. ಕಾರಣವಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಸಂಘದ ಸದಸ್ಯೆಯ ಗಂಡ, ಗಾರೆ ಕೆಲಸದವರು, ಒಂದು ಬೆಳಿಗ್ಗೆ ಎದ್ದಾಗ ಎರಡೂ ಪಾದ ಜೋಮು ಹಿಡಿದಂತಿತ್ತು. ಹಿಂದಿನ ದಿನ ಮೋಲ್ಡು ಹಾಕಿದ್ದರು, ಆಯಾಸ ಇರಬೇಕೆಂದು ಕೆಲಸಕ್ಕೆ ಹೋದರು. ಮರುದಿನ ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿ ಬೀಳತೊಡಗಿತು. ಹೆಂಡತಿ ನಮ್ಮ ಕಾರ್ಯಕರ್ತೆಯ ಹತ್ತಿರ ಬಂದು, "ಅಕ್ಕಾ, ಇವರ ಕಾಲಲ್ಲಿ ಚಪ್ಪಲಿ ನಿಲ್ತಾ ಇಲ್ಲ, ಏನು ಮಾಡೋದು?" ಅಂದರು. ಕಾರ್ಯಕರ್ತೆ, "ಸುಸ್ತಿರಬೇಕು ಬಿಡಿ, ಎರಡು ದಿನ ಮಲಗಲಿ, ಶಕ್ತಿ ಮಾತ್ರೆ ಕೊಡಿ" ಅಂದರು. ಮೂರನೆಯ ದಿನ ಕೂತಲ್ಲಿಂದ ಏಳಲು ಆಗಲಿಲ್ಲ. ಲಕ್ವ ಎಂದು ಯಾರೋ ಹೇಳಿ ಎಣ್ಣೆ ತಿಕ್ಕಿಸಿದರು. ನಾಲ್ಕನೆಯ ದಿನ ರಾತ್ರಿ ಕುಡಿದ ನೀರು ಮೂಗಿಗೆ ಬಂತು, ಮಾತು ಗೊಗ್ಗರಾಯಿತು. ಆಗ ಆಂಬುಲೆನ್ಸಿಗೆ ಫೋನ್ ಹೋಯಿತು.

ಅವರು ಬದುಕಿದ್ದಾರೆ. ಆದರೆ ಆ ಎರಡು ದಿನ ನಮ್ಮ ಮನಸ್ಸಿನಿಂದ ಹೋಗಿಲ್ಲ. ಕಾರ್ಯಕರ್ತೆಯನ್ನು ದೂರಿ ಪ್ರಯೋಜನವಿಲ್ಲ. ನಾವು ಕಲಿಸಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ಅದಕ್ಕೇ ಈ ಪಾಠ.

ಹೆಸರು ಎಲ್ಲಿಂದ ಬಂತು?

ಕಾಯಿಲೆಯ ಪೂರ್ತಿ ಹೆಸರು ಗಿಲನ್-ಬಾರೆ ಸಿಂಡ್ರೋಮ್. ಡಾಕ್ಟರುಗಳು ಚಿಕ್ಕದಾಗಿ ಜಿ.ಬಿ.ಎಸ್. ಅನ್ನುತ್ತಾರೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ಗಿಲನ್, ಬಾರೆ ಮತ್ತು ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಕೈಕಾಲು ಸೋತು ಬಿದ್ದ ಇಬ್ಬರು ಸೈನಿಕರ ಬಗ್ಗೆ ಬರೆದರು. ಹೆಸರು ಉಳಿದದ್ದು ಇಬ್ಬರದ್ದೇ, ಪಾಪ ಸ್ಟ್ರೋಲ್ ಅವರದ್ದು ಬಿಟ್ಟುಹೋಯಿತು.

ದೇಹದಲ್ಲಿ ಆಗುವುದೇನು?

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ಊರುಗಳಲ್ಲಿ 'ನರ' ಅಂದರೆ ಕೈಮೇಲೆ ಹಸಿರಾಗಿ ಕಾಣುವ, ಸೂಜಿ ಚುಚ್ಚುವ ರಕ್ತನಾಳವನ್ನೂ ಹೇಳುತ್ತೇವೆ. ಇಲ್ಲಿ ಹೇಳುವ ನರ ಅದಲ್ಲ. ಮೆದುಳು ಮತ್ತು ಬೆನ್ನುಹುರಿಯಿಂದ ಹೊರಟು ಕೈ, ಕಾಲು, ಮುಖ, ಎದೆಯ ಸ್ನಾಯುಗಳವರೆಗೆ ಹೋಗುವ ತಂತಿಗಳಂಥ ನರಗಳು. ಮನೆಯ ಕರೆಂಟಿನ ವಯರನ್ನು ನೆನಪಿಸಿಕೊಳ್ಳಿ. ಒಳಗೆ ತಾಮ್ರದ ತಂತಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ನಮ್ಮ ನರಕ್ಕೂ ಮೈಲಿನ್ ಎಂಬ ಹೊದಿಕೆ ಇದೆ. ಹೊದಿಕೆ ಚೆನ್ನಾಗಿದ್ದರೆ ಮೆದುಳಿನ ಆಜ್ಞೆ ಕ್ಷಣಮಾತ್ರದಲ್ಲಿ ಹೆಬ್ಬೆರಳಿಗೆ ಮುಟ್ಟುತ್ತದೆ. ಹೊದಿಕೆ ಸುಲಿದುಹೋದರೆ ಆಜ್ಞೆ ನಿಧಾನವಾಗುತ್ತದೆ ಅಥವಾ ದಾರಿಯಲ್ಲೇ ನಿಂತುಹೋಗುತ್ತದೆ.

ಈ ಹೊದಿಕೆಯನ್ನು ಸುಲಿಯುವವರು ಯಾರು? ಹೊರಗಿನ ರೋಗಾಣು ಅಲ್ಲ. ನಮ್ಮದೇ ದೇಹದ ರೋಗನಿರೋಧಕ ಶಕ್ತಿ. ಭೇದಿಯೋ ಜ್ವರವೋ ಬಂದಾಗ ದೇಹವು ಆ ರೋಗಾಣುವನ್ನು ಗುರುತಿಸಿ ಕೊಲ್ಲಲು ಪ್ರತಿಕಾಯಗಳೆಂಬ ವಸ್ತುಗಳನ್ನು ತಯಾರಿಸುತ್ತದೆ. ಕೆಲವು ರೋಗಾಣುಗಳ ಮೈಮೇಲಿನ ಒಂದು ಅಂಶ ನಮ್ಮ ನರಗಳ ಮೇಲಿರುವ ಅಂಶವನ್ನೇ ಹೋಲುತ್ತದೆ. ಕಳ್ಳ ಮತ್ತು ಮನೆಯವನು ಒಂದೇ ಬಣ್ಣದ ಅಂಗಿ ಹಾಕಿದ್ದರೆ ಕಾವಲುನಾಯಿ ಕತ್ತಲಲ್ಲಿ ಮನೆಯವನನ್ನೇ ಕಚ್ಚಿದ ಹಾಗೆ, ರೋಗಾಣು ಸತ್ತ ಮೇಲೂ ಪ್ರತಿಕಾಯಗಳು ನರಗಳ ಮೇಲೆ ಬೀಳುತ್ತವೆ. ಹೀಗೆ ತನ್ನನ್ನು ತಾನೇ ಹೊಡೆದುಕೊಳ್ಳುವ ಕಾಯಿಲೆಗಳಿಗೆ ಆಟೋಇಮ್ಯೂನ್ ಕಾಯಿಲೆ ಅನ್ನುತ್ತಾರೆ. ಕೆಲವರಲ್ಲಿ ಹೊದಿಕೆ ಮಾತ್ರವಲ್ಲ, ಒಳಗಿನ ತಂತಿಗೇ ಪೆಟ್ಟು ಬೀಳುತ್ತದೆ. ಅಂಥವರು ಸುಧಾರಿಸುವುದು ಹೆಚ್ಚು ನಿಧಾನ.

ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಇದಕ್ಕೆ ಒಂದರಿಂದ ಆರು ವಾರ ಮೊದಲು ಭೇದಿ ಅಥವಾ ಶೀತಜ್ವರ ಬಂದುಹೋಗಿರುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ಕ್ಯಾಂಪೈಲೋಬ್ಯಾಕ್ಟರ್ ಎಂಬ ರೋಗಾಣು. ಅರ್ಧ ಬೆಂದ ಕೋಳಿಮಾಂಸ, ಕಾಯಿಸದ ಹಾಲು, ಕೊಳಕು ನೀರಿನಿಂದ ಅದು ಹೊಟ್ಟೆ ಸೇರುತ್ತದೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಒಟ್ಟೊಟ್ಟಿಗೆ ಜಿ.ಬಿ.ಎಸ್. ಕಾಣಿಸಿಕೊಂಡಾಗ ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಕೆಲವೇ ವಾರಗಳಲ್ಲಿ ಶಂಕಿತರ ಸಂಖ್ಯೆ 200 ದಾಟಿತು. ರೋಗಿಗಳ ಮಲದ ಮಾದರಿಗಳಲ್ಲಿ ಇದೇ ಕ್ಯಾಂಪೈಲೋಬ್ಯಾಕ್ಟರ್ ಸಿಕ್ಕಿತು, ಕುಡಿಯುವ ನೀರಿನ ಮೇಲೆ ಅನುಮಾನ ಬಂತು. ನಮ್ಮ ಗಾರೆ ಕೆಲಸದವರಿಗೂ ಹತ್ತು ದಿನ ಮುಂಚೆ ಭೇದಿಯಾಗಿತ್ತು. ಅದು ನಿಂತುಹೋಗಿದ್ದರಿಂದ ಮನೆಯವರು ಮರೆತೇಬಿಟ್ಟಿದ್ದರು, ಡಾಕ್ಟರು ಎರಡು ಸಲ ಕೇಳಿದ ಮೇಲೆ ನೆನಪಾಯಿತು.

ಹಾಗೆಂದು ಭೇದಿಯಾದವರೆಲ್ಲ ಹೆದರಬೇಕಿಲ್ಲ. ಭೇದಿಯಾದ ಸಾವಿರಾರು ಜನರಲ್ಲಿ ಒಬ್ಬರಿಗೆ ಹೀಗಾಗಬಹುದು, ಅಷ್ಟೇ. ಜಿ.ಬಿ.ಎಸ್. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡುವುದು, ಮಕ್ಕಳನ್ನು ಹತ್ತಿರ ಬಿಡದಿರುವುದು ಬೇಡ. ವಂಶದಲ್ಲಿ ಹರಿದುಬರುವ ಕಾಯಿಲೆಯೂ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಇದನ್ನು ಬರೆಯಲು ನಮಗೇ ಸಂಕೋಚ, ಆದರೆ ಆ ಮನೆಯ ಜಗಲಿಯಲ್ಲೇ ಅಂಥ ಮಾತು ಬಂದಿತ್ತು.

ಗುರುತಿಸುವುದು ಹೇಗೆ?

ಇದು ಪಾಠದ ಮುಖ್ಯ ಭಾಗ. ಸಭೆಯಲ್ಲಿ ಎರಡು ಸಲ ಓದಿ ಹೇಳಿ.

ಲಕ್ವ ಹೊಡೆದರೆ ಸಾಮಾನ್ಯವಾಗಿ ದೇಹದ ಒಂದು ಪಕ್ಕ ಬೀಳುತ್ತದೆ, ಅದೂ ಒಮ್ಮೆಲೇ. ಜಿ.ಬಿ.ಎಸ್. ಹಾಗಲ್ಲ. ಎರಡೂ ಕಾಲುಗಳಲ್ಲಿ ಒಟ್ಟಿಗೆ ಶುರುವಾಗಿ ಗಂಟೆಗಳಲ್ಲಿ, ದಿನಗಳಲ್ಲಿ ಮೇಲೇರುತ್ತದೆ. ಮೊದಲು ಪಾದದಲ್ಲಿ ಇರುವೆ ಹರಿದಂತೆ, ಜೋಮು ಹಿಡಿದಂತೆ. ಕೆಲವರಿಗೆ ಸೊಂಟ, ತೊಡೆಗಳಲ್ಲಿ ವಿಪರೀತ ನೋವು. ಆಮೇಲೆ ಮೆಟ್ಟಿಲು ಹತ್ತಲು, ಕುಕ್ಕರಗಾಲಲ್ಲಿ ಕೂತವರು ಏಳಲು ಕಷ್ಟ. ನಂತರ ಕೈಗೆ ಬರುತ್ತದೆ. ತುತ್ತು ಎತ್ತಲಾಗದು, ಅಂಗಿಯ ಗುಂಡಿ ಹಾಕಲಾಗದು. ಕೆಲವರಿಗೆ ಮುಖದ ಸ್ನಾಯು ಸೋತು ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಬುದ್ಧಿ ಮಾತ್ರ ಪೂರ್ತಿ ಸ್ವಸ್ಥ. ಇಳಿಯದೆ ಬಿಟ್ಟರೆ ಎರಡರಿಂದ ನಾಲ್ಕು ವಾರಗಳ ಒಳಗೆ ಬಲಹೀನತೆ ತುತ್ತತುದಿ ಮುಟ್ಟುತ್ತದೆ.

ನಿಜವಾದ ಅಪಾಯ ಕಾಲಿನಲ್ಲಿಲ್ಲ, ಎದೆಯಲ್ಲಿದೆ. ಉಸಿರಾಡಿಸುವ ಸ್ನಾಯುಗಳಿಗೂ ಇದೇ ನರಗಳು. 100 ರೋಗಿಗಳಲ್ಲಿ 20ರಿಂದ 30 ಮಂದಿಗೆ ಕೃತಕ ಉಸಿರಾಟದ ಯಂತ್ರ ಬೇಕಾಗುತ್ತದೆ. ಆದುದರಿಂದ ನೀರು ಕುಡಿಯುವಾಗ ಕೆಮ್ಮು ಬಂದರೆ, ದನಿ ಬದಲಾದರೆ, ಮಲಗಿದರೆ ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಅಂತ ಕಾಯಬಾರದು. ಆಸ್ಪತ್ರೆಗಳಲ್ಲಿ ಮಾಡುವ ಒಂದು ಸುಲಭ ಪರೀಕ್ಷೆ ನಿಮಗೂ ತಿಳಿದಿರಲಿ. ದೀರ್ಘ ಉಸಿರು ಎಳೆದು ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಜೋರಾಗಿ ಎಣಿಸಲು ಹೇಳಿ. 20ಕ್ಕೆ ಮುಂಚೆಯೇ ಉಸಿರು ಮುಗಿದರೆ ಉಸಿರಾಟದ ಸ್ನಾಯು ಸೋಲುತ್ತಿದೆ ಎಂದರ್ಥ. ಎಣಿಕೆ ಚೆನ್ನಾಗಿ ಬಂತು ಅಂತ ಮಾತ್ರ ಮನೆಯಲ್ಲೇ ಉಳಿಯಬೇಡಿ, ಸಂಜೆಗೆ ಅದು ಬದಲಾಗಬಹುದು.

ಎರಡೂ ಕಾಲು ದಿಢೀರನೆ ಸೋಲಲು ಬೇರೆ ಕಾರಣಗಳೂ ಇವೆ. ಹಾವು ಕಚ್ಚಿದ್ದು, ತೋಟಕ್ಕೆ ಹೊಡೆಯುವ ವಿಷ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದದ್ದು, ಬೆನ್ನುಹುರಿಯ ತೊಂದರೆ. ಯಾವುದೇ ಇರಲಿ, ಒಂದೂ ಮನೆಯಲ್ಲಿ ಕಾಯುವ ಕಾಯಿಲೆಯಲ್ಲ. ಯಾವುದೆಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ನಮ್ಮ ಕೆಲಸ 108ಕ್ಕೆ ಫೋನ್ ಮಾಡುವುದು. ಇಂಥ ರೋಗಿಯನ್ನು ರಾತ್ರಿ ಬಸ್ಸಿನಲ್ಲಿ ಕೂರಿಸಿ ಬೆಂಗಳೂರಿಗೆ ಕಳಿಸಬೇಡಿ. ದಾರಿಯಲ್ಲಿ ಉಸಿರು ನಿಂತರೆ ಬಸ್ಸಿನಲ್ಲಿ ಏನೂ ಮಾಡಲಾಗದು. ಮೊದಲು ವೆಂಟಿಲೇಟರ್ ಇರುವ ಹತ್ತಿರದ ಜಿಲ್ಲಾಸ್ಪತ್ರೆಗೋ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಹೋಗಲಿ. ಅಲ್ಲಿಂದ ಬೇಕಾದರೆ ನಿಮ್ಹಾನ್ಸ್‌ಗೆ ಅವರೇ ಆಂಬುಲೆನ್ಸಿನಲ್ಲಿ ಕಳಿಸುತ್ತಾರೆ.

ಮಕ್ಕಳಾದರೆ ಇನ್ನೊಂದು ವಿಷಯ. 15 ವರ್ಷದೊಳಗಿನ ಯಾವ ಮಗುವಿಗೆ ಕೈಕಾಲು ದಿಢೀರನೆ ಸೋತರೂ ಅದನ್ನು ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಪೋಲಿಯೋ ಅಲ್ಲವೆಂದು ಖಚಿತಪಡಿಸಲು 14 ದಿನಗಳೊಳಗೆ, 24 ಗಂಟೆ ಅಂತರದಲ್ಲಿ ಎರಡು ಸಲ ಮಲ ಪರೀಕ್ಷೆಗೆ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದು; 2014ರ ಮಾರ್ಚ್ 27ರಂದು ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆ ಎಚ್ಚರ ಇನ್ನೂ ಬಿಟ್ಟಿಲ್ಲ. ಆಶಾ ಕಾರ್ಯಕರ್ತೆ ಮಲದ ಡಬ್ಬಿ ಹಿಡಿದು ಬಂದರೆ ಬೇಸರಪಡಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಡಾಕ್ಟರು ರಬ್ಬರಿನ ಸುತ್ತಿಗೆಯಿಂದ ಮಂಡಿಗೆ ತಟ್ಟಿ ನೋಡುತ್ತಾರೆ. ಈ ಕಾಯಿಲೆಯಲ್ಲಿ ಹೆಚ್ಚಿನವರಿಗೆ ಕಾಲು ಜಿಗಿಯುವುದಿಲ್ಲ. ನರದಲ್ಲಿ ಕರೆಂಟು ಎಷ್ಟು ವೇಗವಾಗಿ ಹೋಗುತ್ತದೆಂದು ಯಂತ್ರದಲ್ಲಿ ಪರೀಕ್ಷಿಸುತ್ತಾರೆ. ಬೆನ್ನಿನಿಂದ ನೀರು ತೆಗೆಯುತ್ತಾರೆ. ಇದಕ್ಕೆ ನಮ್ಮವರು ಬಹಳ ಹೆದರುತ್ತಾರೆ, "ಬೆನ್ನಿಗೆ ಸೂಜಿ ಹಾಕಿದ್ದಕ್ಕೇ ಕಾಲು ಹೋಯ್ತು" ಅನ್ನುವವರೂ ಇದ್ದಾರೆ. ಕಾಲು ಹೋದದ್ದಕ್ಕೇ ಸೂಜಿ ಹಾಕಿದ್ದು. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿ ಹಾಕಿ ನೀರು ತೆಗೆಯುತ್ತಾರೆ, ಒಂದೆರಡು ದಿನ ತಲೆನೋವು ಬರಬಹುದು. ಆ ನೀರಿನಲ್ಲಿ ಪ್ರೋಟೀನ್ ಹೆಚ್ಚಿದ್ದು ಕಣಗಳು ಹೆಚ್ಚಿಲ್ಲದಿದ್ದರೆ ಜಿ.ಬಿ.ಎಸ್. ಎಂಬ ಅನುಮಾನ ಗಟ್ಟಿಯಾಗುತ್ತದೆ. ಮೊದಲ ವಾರ ಈ ಪರೀಕ್ಷೆ ಸರಿಯಾಗಿಯೇ ಬರಬಹುದು. ಅದಕ್ಕೇ ಒಳ್ಳೆಯ ಡಾಕ್ಟರು ವರದಿಗಾಗಿ ಕಾಯದೆ ಚಿಕಿತ್ಸೆ ಶುರುಮಾಡುತ್ತಾರೆ.

ಕೆಲಸಕ್ಕೆ ಬರುವ ಚಿಕಿತ್ಸೆ ಎರಡು. ಒಂದು, ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಪ್ರತಿಕಾಯಗಳಿರುವ ಪ್ಲಾಸ್ಮಾ ಎಂಬ ದ್ರವವನ್ನು ಬದಲಿಸುವುದು. ಎರಡು ವಾರಗಳಲ್ಲಿ ಸುಮಾರು ಐದು ಸಲ ಮಾಡುತ್ತಾರೆ. ಇನ್ನೊಂದು, ಇಮ್ಯುನೊಗ್ಲೋಬ್ಯುಲಿನ್ ಎಂಬ ಔಷಧವನ್ನು ಐದು ದಿನ ಡ್ರಿಪ್ ಮೂಲಕ ಕೊಡುವುದು. ಸಾವಿರಾರು ಜನ ದಾನ ಮಾಡಿದ ಪ್ಲಾಸ್ಮಾದಿಂದ ಇದನ್ನು ತಯಾರಿಸುತ್ತಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ರಕ್ತದಾನ ಶಿಬಿರ ಇಟ್ಟಾಗ ಹಿಂದೇಟು ಹಾಕುವ ಯುವಕರಿಗೆ ಇದನ್ನು ಹೇಳಬಹುದು. ಎರಡರ ಫಲವೂ ಸಮ. ಎರಡನ್ನೂ ಸೇರಿಸಿ ಕೊಟ್ಟರೆ ಹೆಚ್ಚು ಲಾಭವಿಲ್ಲ. ಇಮ್ಯುನೊಗ್ಲೋಬ್ಯುಲಿನ್ ಕಾಯಿಲೆ ಶುರುವಾದ ಎರಡು ವಾರಗಳೊಳಗೆ, ಪ್ಲಾಸ್ಮಾ ಬದಲಾವಣೆ ನಾಲ್ಕು ವಾರಗಳೊಳಗೆ ಆಗಬೇಕು. ಬೇಗ ಆದಷ್ಟು ಒಳ್ಳೆಯದು. ಸ್ಟೀರಾಯ್ಡ್ ಇದರಲ್ಲಿ ಪ್ರಯೋಜನಕ್ಕಿಲ್ಲವೆಂದು ಸಾಬೀತಾಗಿದೆ, ಒತ್ತಾಯ ಮಾಡಬೇಡಿ. ಎಂಟು ವಾರ ಕಳೆದರೂ ಬಲಹೀನತೆ ಏರುತ್ತಲೇ ಇದ್ದರೆ ಮಾತ್ರ ಅದು ಇದರದೇ ಇನ್ನೊಂದು ದೀರ್ಘಕಾಲದ ರೂಪವಿರಬಹುದು. ಅದಕ್ಕೆ ಸ್ಟೀರಾಯ್ಡ್ ಆಗುತ್ತದೆ.

ಹಣದ ಮಾತು

ಇಮ್ಯುನೊಗ್ಲೋಬ್ಯುಲಿನ್ ಪ್ರಮಾಣ ದೇಹದ ತೂಕದ ಮೇಲೆ ಹೋಗುತ್ತದೆ. ಒಂದು ಕಿಲೋಗೆ ಒಟ್ಟು 2 ಗ್ರಾಂ. 60 ಕಿಲೋ ತೂಗುವವರಿಗೆ 120 ಗ್ರಾಂ, ಅಂದರೆ 5 ಗ್ರಾಂನ 24 ಬಾಟಲಿ. ಹೊರಗೆ ಕೊಂಡರೆ ಲಕ್ಷಗಳ ಲೆಕ್ಕ. ಪ್ಲಾಸ್ಮಾ ಬದಲಾವಣೆಗೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಸಾಕು. ಆದುದರಿಂದ "ನಮ್ಮ ಕೈಲಿ ಇಷ್ಟೇ ಆಗೋದು, ಪ್ಲಾಸ್ಮಾ ಬದಲಾಯಿಸೋದು ಆಗುತ್ತಾ ಸಾರ್?" ಎಂದು ಡಾಕ್ಟರನ್ನು ನಾಚಿಕೆಯಿಲ್ಲದೆ ಕೇಳಿ. ಕೇಳಿದ್ದಕ್ಕೆ ರೋಗಿಗೆ ಮೋಸವೇನೂ ಆಗುವುದಿಲ್ಲ.

ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಮೊದಲ ದಿನವೇ ಒಯ್ಯಿರಿ. ಆಸ್ಪತ್ರೆಯಲ್ಲಿ 'ಆರೋಗ್ಯಮಿತ್ರ' ಎಂಬ ಸಿಬ್ಬಂದಿಯನ್ನು ಹುಡುಕಿ, ಯಾವ ಚಿಕಿತ್ಸೆ ಯೋಜನೆಗೆ ಸೇರುತ್ತದೆ, ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕೇ ಎಂದು ಕೇಳಿ. ಹಣ ಕಟ್ಟಿದ ಮೇಲೆ ಕೇಳಿದರೆ ತಡವಾಗುತ್ತದೆ.

ಇನ್ನೊಂದು. ಮೊದಲ ಕೋರ್ಸ್ ಮುಗಿದೂ ರೋಗಿ ಏಳದಿದ್ದಾಗ, "ಇನ್ನೊಂದು ಕೋರ್ಸ್ ಹಾಕಿಸೋಣ, ತೋಟ ಮಾರಿಯಾದ್ರೂ ಸರಿ" ಅನ್ನುವ ಮನೆಯವರಿದ್ದಾರೆ. ನೆದರ್ಲೆಂಡ್ಸ್ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರವಾಗಿ ಬಿದ್ದ ರೋಗಿಗಳಿಗೆ ಇಮ್ಯುನೊಗ್ಲೋಬ್ಯುಲಿನ್ನಿನ ಎರಡನೆಯ ಕೋರ್ಸ್ ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ. ಏಳದಿರುವುದು ಔಷಧ ಸಾಲದ್ದಕ್ಕಲ್ಲ. ಔಷಧ ದಾಳಿಯನ್ನು ನಿಲ್ಲಿಸುತ್ತದೆ, ನರವನ್ನು ಹೊಲಿಯುವುದಿಲ್ಲ. ನರ ತಾನಾಗಿಯೇ ಬೆಳೆಯಬೇಕು. ತೋಟ ಮಾರುವ ಮುಂಚೆ ಡಾಕ್ಟರ ಹತ್ತಿರ ಬಿಡಿಸಿ ಕೇಳಿ.

ವೆಂಟಿಲೇಟರ್ ಅಂದರೆ ಮುಗಿಯಿತೇ?

"ಮಿಷನ್ನಿಗೆ ಹಾಕಿದರಂತೆ, ಇನ್ನೇನಿಲ್ಲ" ಅನ್ನುವ ಮಾತು ನಮ್ಮಲ್ಲಿ ಇದೆ. ಕೊರೊನಾ ಕಾಲದ ನಂತರ ಅದು ಇನ್ನೂ ಬಲವಾಗಿದೆ. ಆ ಮಾತು ಕೇಳಿಯೇ ನಮ್ಮ ಸದಸ್ಯೆ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಸಹಿ ಹಾಕಲು ಹೊರಟಿದ್ದರು. ಸಿಸ್ಟರ್ ಒಬ್ಬರು ಕೈ ಹಿಡಿದು ನಿಲ್ಲಿಸಿದರು. ಈ ಕಾಯಿಲೆಯಲ್ಲಿ ಶ್ವಾಸಕೋಶ ಕೆಟ್ಟಿರುವುದಿಲ್ಲ, ಅದನ್ನು ಆಡಿಸುವ ಸ್ನಾಯುವಿಗೆ ಆಜ್ಞೆ ಮುಟ್ಟುತ್ತಿಲ್ಲ ಅಷ್ಟೆ. ನರ ಸುಧಾರಿಸುವವರೆಗೆ ಯಂತ್ರ ಉಸಿರಾಡಿಸುತ್ತದೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಡಬೇಕಾಗಬಹುದು, ಆಮೇಲೆ ಅದು ಮುಚ್ಚಿಕೊಳ್ಳುತ್ತದೆ. ಬಿ.ಪಿ., ಎದೆಬಡಿತ ಏರಿಳಿಯುವ ಅಪಾಯ ಇರುವುದರಿಂದ ತೀವ್ರ ನಿಗಾ ಘಟಕದಲ್ಲೇ ಇರಬೇಕು. ಒಳ್ಳೆಯ ಚಿಕಿತ್ಸೆ ಸಿಕ್ಕಿಯೂ 100ರಲ್ಲಿ 3ರಿಂದ 7 ಮಂದಿ ತೀರಿಕೊಳ್ಳುತ್ತಾರೆ. ಅದನ್ನು ಮುಚ್ಚಿಡುವುದಿಲ್ಲ. ಉಳಿದವರು ಉಳಿಯುತ್ತಾರೆ ಎಂಬುದನ್ನೂ ಮುಚ್ಚಿಡಬಾರದು.

ಯಂತ್ರದಲ್ಲಿರುವ ರೋಗಿಗೆ ಮಾತಾಡಲು, ಕೈ ಎತ್ತಲು ಆಗದು. ಆದರೆ ನಿದ್ದೆಯ ಔಷಧದ ಅಮಲಿಲ್ಲದಿದ್ದರೆ ಕಿವಿ ಕೇಳುತ್ತದೆ, ಎಲ್ಲ ಅರ್ಥವಾಗುತ್ತದೆ. ನಮ್ಮವರು ಹುಷಾರಾದ ಮೇಲೆ ಹೇಳಿದ್ದು: ಹಾಸಿಗೆಯ ಪಕ್ಕದಲ್ಲೇ ನಿಂತು ನೆಂಟರೊಬ್ಬರು ಪೆಟ್ಟಿಗೆಯ ಖರ್ಚು ಯಾರು ಹಾಕುವುದೆಂದು ಮಾತಾಡಿದ್ದನ್ನು ಅವರು ಪೂರ್ತಿ ಕೇಳಿಸಿಕೊಂಡಿದ್ದರಂತೆ. ಅಳಲೂ ಆಗಲಿಲ್ಲವಂತೆ. ದಯವಿಟ್ಟು ಅಲ್ಲಿ ಇವತ್ತು ಯಾವ ವಾರ, ಮಕ್ಕಳು ಶಾಲೆಗೆ ಹೋದರು, ಮಳೆ ಬಂತು ಎಂದು ಮಾತಾಡಿ. ಒಂದು ಸಲ ಕಣ್ಣು ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಇಲ್ಲ ಎಂಬ ಒಪ್ಪಂದ ಮಾಡಿಕೊಳ್ಳಿ. ಫಾದರ್ ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಸಾಯುವವರಿಗೆ ಮಾತ್ರ ಎಂದು ಹೆದರಿ ಕರೆಯದೆ ಇರಬೇಡಿ. ಅದು ಕಾಯಿಲೆಯವರಿಗಾಗಿಯೇ ಇರುವ ಸಂಸ್ಕಾರ. ರೋಗಿಯ ಹತ್ತಿರ ಮೊದಲೇ ಅಷ್ಟು ಹೇಳಿಬಿಡಿ, ಇಲ್ಲವಾದರೆ ಅವರೂ ಹೆದರುತ್ತಾರೆ!

ಮನೆಗೆ ಬಂದ ಮೇಲೆ

ಹೆಚ್ಚಿನವರು ಆರು ತಿಂಗಳೊಳಗೆ ನಡೆಯುತ್ತಾರೆ. ಐವರಲ್ಲಿ ಒಬ್ಬರಿಗೆ ಆರು ತಿಂಗಳಾದರೂ ಆಸರೆ ಬೇಕು. ಒಳಗಿನ ತಂತಿಗೇ ಪೆಟ್ಟು ಬಿದ್ದಿದ್ದರೆ ನರ ಬೆಳೆಯುವುದು ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು. ಸೊಂಟದಿಂದ ಪಾದದವರೆಗಿನ ದೂರ ಲೆಕ್ಕ ಹಾಕಿ ನೋಡಿ, ತಾಳ್ಮೆ ಯಾಕೆ ಬೇಕೆಂದು ತಿಳಿಯುತ್ತದೆ.

ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಪಾದ ಕೆಳಗೆ ಬಾಗಿ ಹಾಗೇ ಸೆಟೆಯದಂತೆ ಅಂಗಾಲಿಗೆ ದಿಂಬು ಅಥವಾ ಹಲಗೆಯ ಆಸರೆ ಕೊಡಿ. ಫಿಸಿಯೋಥೆರಪಿಯವರು ತೋರಿಸಿದ ವ್ಯಾಯಾಮವನ್ನು ದಿನಾ ಸ್ವಲ್ಪ ಸ್ವಲ್ಪ ಮಾಡಿಸಿ, ಸುಸ್ತಾಗುವವರೆಗೆ ಬೇಡ. ಬಲ ಬಂದವರಿಗೂ ತಿಂಗಳುಗಟ್ಟಲೆ ಆಯಾಸ, ರಾತ್ರಿ ಕಾಲುನೋವು ಇರುತ್ತದೆ. ಅದು ಸೋಮಾರಿತನವಲ್ಲ, ನಟನೆಯಲ್ಲ. ನೋವಿಗೆ ಬೇರೆ ಮಾತ್ರೆಗಳಿವೆ, ಡಾಕ್ಟರಿಗೆ ಹೇಳಬೇಕು. ಬಲಹೀನತೆ ಉಳಿದುಬಿಟ್ಟರೆ ವಿಕಲಚೇತನರ ಗುರುತಿನ ಚೀಟಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಮುಂಜಾಗ್ರತೆಯ ವಿಷಯ ಹೊಸದೇನಲ್ಲ. ನೀರು ಕುದಿಸಿ ಕುಡಿಯಿರಿ, ಹಾಲು ಕಾಯಿಸಿ, ಕೋಳಿಮಾಂಸ ಎಲುಬಿನವರೆಗೆ ಬೇಯಲಿ, ಹಸಿ ಮಾಂಸ ಕೊಯ್ದ ಚೂರಿ, ಹಲಗೆಯನ್ನು ತೊಳೆಯದೆ ಅದರಲ್ಲೇ ಸೌತೆಕಾಯಿ ಹೆಚ್ಚಬೇಡಿ. ಸಂಘದ ಹಬ್ಬದೂಟಗಳಲ್ಲಿ ನಾವು ತಪ್ಪುವುದು ಇಲ್ಲೇ.

ಆ ಗಾರೆ ಕೆಲಸದವರ ಅಂಗಳದಲ್ಲಿ ನಮ್ಮ ಸಂಘದವರು ಎರಡು ಬಿದಿರಿನ ಗಳಗಳನ್ನು ಸೊಂಟದೆತ್ತರಕ್ಕೆ ಕಟ್ಟಿಕೊಟ್ಟರು. ಅದನ್ನು ಹಿಡಿದು ಮೊದಲ ದಿನ ನಾಲ್ಕು ಹೆಜ್ಜೆ. ಅಡಿಕೆ ಸುಲಿಯುವ ಕಾಲ ಮುಗಿಯುವ ಹೊತ್ತಿಗೆ ಒಂದು ಕೈ ಬಿಟ್ಟು ನಡೆದರು. ಸಂಘದಿಂದ ಕೊಟ್ಟ ಸಾಲದ ಕಂತನ್ನು ಒಂದು ವರ್ಷ ಮುಂದೂಡಿದೆವು. ಈಗ ಅವರು ನೆಲದ ಮೇಲೆ ನಿಂತು ಕೈಗೆಟುಕುವಷ್ಟು ಗೋಡೆಗೆ ಗಾರೆ ಮಾಡುತ್ತಾರೆ. ಏಣಿ ಹತ್ತುವುದಿಲ್ಲ, ಮೇಲಿನದಕ್ಕೆ ತಮ್ಮನನ್ನು ಕರೆದುಕೊಂಡು ಹೋಗುತ್ತಾರೆ. ಕಾಲಿಗೆ ಚಪ್ಪಲಿಯ ಬದಲು ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕುತ್ತಾರೆ.